ನಂದಾದೀಪದ ಕೆಳಗಿನ ವಾಷರ್

ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. ಆದರೆ ಇಂಜಿನ್ ದೋಣಿಯೊಂದು ಕೆಟ್ಟರೆ ಬಿಚ್ಚಿ ಜೋಡಿಸಿಕೊಡುವ ಅಂಗಡಿ ಮಾತ್ರ ನಾನು ಹುಡುಕಿದ ಓಣಿಗಳಲ್ಲಿ ಒಂದೂ ಸಿಗಲಿಲ್ಲ. ಇದರಲ್ಲಿ ಊರಿನ ತಪ್ಪೇನೂ ಇಲ್ಲ. ನಮಗೆ ಜಲಯಾನವೆಂದರೆ ಉಣಕಲ್ ಕೆರೆಯಲ್ಲಿ ಕಾಲಿನಿಂದ ತುಳಿಯುವ ದೋಣಿಯಲ್ಲಿ ಕುಳಿತು, ನೀರಿನ ನಡುವೆ ನಿಂತ ವಿವೇಕಾನಂದರ ಪ್ರತಿಮೆಯನ್ನು ಕಂಡು, ಮೊಣಕಾಲು ಹಿಡಿದುಕೊಂಡು ದಡಕ್ಕೆ ಮರಳುವುದು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ದೋಣಿಯನ್ನು ನೂಕುವ ಪ್ರೊಪೆಲ್ಲರಿನ ನಡುವಿನ ಗುಂಬವನ್ನು ಒಂದೇ ಹಂಗಾಮಿನಲ್ಲಿ ಎರಡು ಬಾರಿ ಬಿಚ್ಚಿ ಎರಡು ಬಾರಿ ಕೂಡಿಸಬೇಕಾಗಿ ಬಂದದ್ದಕ್ಕೆ ಮೂಲ ಕಾರಣ ಬ್ಯಾಡಗಿ ಮೆಣಸಿನಕಾಯಿ.

ನನ್ನ ಹೆಂಡತಿಯ ತಮ್ಮನ ಹೊಲ ಹಾವೇರಿ ಜಿಲ್ಲೆಯಲ್ಲಿ, ವರದಾ ನದಿ ತುಂಗಭದ್ರೆಯನ್ನು ಕೂಡಿಕೊಳ್ಳುವ ಗಳಗನಾಥದಿಂದ ಬಹಳ ದೂರವಲ್ಲದ ದಂಡೆಯ ಮೇಲಿದೆ. ಆ ವರ್ಷ ಮೆಣಸಿನಕಾಯಿಗೆ ಒಳ್ಳೆಯ ದರ ಬಂದಿತು. ಅಂಥ ವರ್ಷದಲ್ಲಿ ಬೇರೆಯವರು ಟ್ರ್ಯಾಕ್ಟರ್ ತರುತ್ತಾರೆ, ಇಲ್ಲವೇ ಹುಬ್ಬಳ್ಳಿಯಲ್ಲಿ ಒಂದು ಸೈಟು ಹಿಡಿಯುತ್ತಾರೆ. ನಮ್ಮವನು ಕಾರವಾರಕ್ಕೆ ಹೋಗಿ, ವ್ಯವಹಾರ ಮುಚ್ಚುತ್ತಿದ್ದವರೊಬ್ಬರಿಂದ ಹಳೆಯ ಫೈಬರ್ ದೋಣಿಯನ್ನೂ ಅದರ ಬೆನ್ನಿಗೆ ತೂಗುಹಾಕುವ 40 ಎಚ್.ಪಿ. ಇಂಜಿನ್ನನ್ನೂ ಕೊಂಡುಕೊಂಡನು. ಪರವಾನಗಿಯ ಕಾಗದಗಳಿಗಾಗಿ ಅವನು ಅಲೆದ ಕಥೆ ಬೇರೆ ಇದೆ, ಅದನ್ನು ಅವನೇ ಹೇಳಲಿ. ಅರಬೈಲು ಘಟ್ಟವನ್ನೇರಿ ಬಂದ ದೋಣಿಯನ್ನು ಊರಲ್ಲಿ ಮೆಣಸಿನಕಾಯಿ ಚೀಲ ಹೇರುವ ಟ್ರೇಲರಿನಲ್ಲಿಯೇ ಇಟ್ಟಿದ್ದರಿಂದ ಅದರ ಸಂದುಗಳಲ್ಲೆಲ್ಲ ಖಾರದ ಪುಡಿ ಸೇರಿಕೊಂಡಿತ್ತು. ದೋಣಿಯೇರಿದವರಿಗೆ ವಾಂತಿಯಾಗುವುದನ್ನು ಕೇಳಿದ್ದೆ. ಸಾಲಾಗಿ ಸೀನುವುದನ್ನು ಅಲ್ಲಿಯೇ ಮೊದಲು ಕಂಡೆ.

ಮುಂಗಾರಿನ ಕೆಂಪು ನೀರು ಇಳಿದ ಮೇಲೆ, ಒಂದು ಭಾನುವಾರ, ನನ್ನನ್ನೂ ನನ್ನ ಹೆಂಡತಿಯನ್ನೂ ಕರೆಸಿ ಜೀವರಕ್ಷಕ ಜಾಕೀಟು ತೊಡಿಸಿ ಮೊದಲ ಸವಾರಿ ಹೊರಟಿತು. ತುಂಗಭದ್ರೆಯ ಬಂಡೆಗಳು ಬೇಸಿಗೆಯಲ್ಲಿ ಮೈ ತೋರಿಸುವುದರಿಂದ ಪ್ರಾಮಾಣಿಕವಾಗಿರುತ್ತವೆ. ಆ ಕಾಲದಲ್ಲಿ ಅವು ನೀರಿನ ಕೆಳಗೆ ಒಂದು ಗೇಣು ಆಳದಲ್ಲಿ ಕಾದು ಕುಳಿತಿರುತ್ತವೆ. ಐದು ನಿಮಿಷವಾಗುವಷ್ಟರಲ್ಲಿ ಹಿಂದುಗಡೆ ‘ಧಡ್’ ಎಂದಿತು. ಇಂಜಿನ್ ನಿಲ್ಲಲಿಲ್ಲ. ನಿಧಾನವಾಗಿ ಬಿಟ್ಟರೆ ದೋಣಿ ತೆವಳುತ್ತಿತ್ತು. ವೇಗ ಹೆಚ್ಚಿಸಿದೊಡನೆ ಇಂಜಿನ್ ಮಾತ್ರ ಆರ್ಭಟಿಸಿ ದೋಣಿ ಇದ್ದಲ್ಲಿಯೇ ನಿಂತುಬಿಡುತ್ತಿತ್ತು. “ಮಾಮಾ, ಇಂಜಿನ್ ಹಾಡಾಕತ್ತೈತಿ, ದೋಣಿ ಮಾತ್ರ ಹೊಂಡವಲ್ದು” ಎಂದು ಅವನು ಗಾಬರಿಯಾದನು. ನಾನು ಅಭ್ಯಾಸಬಲದಿಂದ ಲೆಕ್ಕ ಮಾಡತೊಡಗಿದೆನು. ಪ್ರೊಪೆಲ್ಲರಿನ ಮೇಲೆ 11 ಪಿಚ್ ಎಂದು ಕೊರೆದಿತ್ತು. ಅಂದರೆ ಮರದೊಳಗೆ ಇಳಿಯುವ ಸ್ಕ್ರೂವಿನಂತೆ ಅದು ಒಂದು ಸುತ್ತಿಗೆ 11 ಇಂಚು ಮುಂದೆ ಹೋಗಬೇಕು. ಇಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿ, ಗೇರು ಅದನ್ನು ಅರ್ಧಕ್ಕಿಳಿಸಿದರೆ, ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗ ಬರಬೇಕು. ನೀರು ಮರವಲ್ಲವಾದ್ದರಿಂದ ಅದರಲ್ಲಿ ಒಂದಿಷ್ಟು ಜಾರಿಹೋಗುತ್ತದೆ ಎಂದು ವಿವರಿಸುತ್ತಿರುವಾಗಲೇ ಈಜುತ್ತಿದ್ದ ಎಮ್ಮೆಯೊಂದು ನಮ್ಮನ್ನು ಹಿಂದೆ ಹಾಕಿ ಎದುರಿನ ದಂಡೆ ಸೇರಿತು.

ಗೇರು ಮುರಿಯಿತೆಂದು ಅಳುವುದಕ್ಕೆ ಸಿದ್ಧನಾಗಿದ್ದ ಭಾವಮೈದುನನಿಗೆ ನಾನು ಪ್ರೊಪೆಲ್ಲರಿನ ರಚನೆಯನ್ನು ದಂಡೆಯ ಉಸುಕಿನ ಮೇಲೆ ಬರೆದು ತೋರಿಸಿದೆನು. ಚಕ್ಕಡಿಯ ಗಾಲಿಗೆ ನಡುವೆ ಗುಂಬವಿರುವಂತೆ ಇದಕ್ಕೂ ಒಂದು ಗುಂಬವಿದೆ, ಅದನ್ನು ಹಬ್ ಎನ್ನುತ್ತಾರೆ. ಆದರೆ ಚಕ್ಕಡಿಯ ಗುಂಬ ಅಚ್ಚಿನ ಮೇಲೆ ಸಲೀಸಾಗಿ ಸುತ್ತಿದರೆ, ಇದು ಹಲ್ಲುಹಲ್ಲಾದ ಶಾಫ್ಟನ್ನು ಕಚ್ಚಿಕೊಂಡು ಅದರೊಂದಿಗೇ ತಿರುಗಬೇಕು. ಒಳಗಡೆ ಹಲ್ಲುಗಳುಳ್ಳ ಹಿತ್ತಾಳೆಯ ಕೊಳವೆ, ಅದರ ಸುತ್ತ ದಪ್ಪ ರಬ್ಬರ್, ರಬ್ಬರನ್ನು ಅದುಮಿ ಹಿಡಿದುಕೊಂಡ ಅಲ್ಯೂಮಿನಿಯಂ ಪ್ರೊಪೆಲ್ಲರ್. ಅಂಟಿಲ್ಲ, ಮೊಳೆಯಿಲ್ಲ, ಬರೀ ಬಿಗಿತದ ಮೇಲೆ ಸಂಸಾರ ನಡೆಯುತ್ತದೆ. ರೆಕ್ಕೆ ಬಂಡೆಗೆ ಬಡಿದಾಗ ರಬ್ಬರು ಜಾರಿ ಪೆಟ್ಟನ್ನು ತಾನು ನುಂಗಿ ಗೇರುಗಳನ್ನು ಉಳಿಸುತ್ತದೆ. ಹಳೆಯ ಸಣ್ಣ ಇಂಜಿನ್ನುಗಳಲ್ಲಿ ಇದೇ ಕೆಲಸಕ್ಕೆ ಒಂದು ಮೆತ್ತನೆಯ ಪಿನ್ನು ಇರುತ್ತಿತ್ತು, ಬಡಿದರೆ ಅದು ತುಂಡಾಗುತ್ತಿತ್ತು. ಪಿನ್ನು ತುಂಡಾದರೆ ದೋಣಿ ಪೂರ್ತಿ ನಿಲ್ಲುತ್ತದೆ, ಸತ್ಯ ಕೂಡಲೇ ತಿಳಿಯುತ್ತದೆ. ರಬ್ಬರು ಜಾರಿದರೆ ದೋಣಿ ನಿಧಾನಕ್ಕೆ ಚಲಿಸುತ್ತಲೇ ಇರುವುದರಿಂದ ಎಲ್ಲವೂ ಸರಿಯಿದೆಯೆಂದು ನಂಬಬೇಕೆನ್ನುವವರು ಬೇಕಾದಷ್ಟು ಕಾಲ ನಂಬಿಕೊಂಡಿರಬಹುದು.

ನಂಬಿಕೆಗೆ ಪುರಾವೆ ಬೇಕಾದಾಗ ಒಂದು ಸುಲಭವಾದ ಪರೀಕ್ಷೆಯಿದೆ. ಶಾಫ್ಟಿನ ತುದಿಯ ನಟ್ಟಿನಿಂದ ಪ್ರೊಪೆಲ್ಲರಿನ ಅಂಚಿನವರೆಗೆ ಒಂದೇ ನೇರಗೆರೆ ಎಳೆಯಬೇಕು; ದೋಣಿ ಓಡಿಸಿ ಬಂದು ನೋಡಿದಾಗ ಗೆರೆ ಎರಡು ತುಂಡಾಗಿ ಬೇರೆ ಬೇರೆ ದಿಕ್ಕು ಹಿಡಿದಿದ್ದರೆ ಗುಂಬ ಜಾರಿದೆ ಎಂದರ್ಥ. ಕೈಗೆ ಸಿಕ್ಕಿದ್ದು ಕುಂಕುಮದ ಡಬ್ಬಿಯಾದ್ದರಿಂದ ಕುಂಕುಮದಿಂದಲೇ ಗೆರೆ ಎಳೆದೆನು. ನದಿಯಿಂದ ಮೇಲಕ್ಕೆತ್ತಿದಾಗ ಗೆರೆ ಸೇರಿಯೂ ಇರಲಿಲ್ಲ, ತುಂಡಾಗಿಯೂ ಇರಲಿಲ್ಲ, ಇರಲೇ ಇಲ್ಲ. ಮೂವತ್ತೈದು ವರ್ಷ ‘ಕರಗುವ ಮತ್ತು ಕರಗದ ವಸ್ತುಗಳು’ ಎಂಬ ಪಾಠ ಮಾಡಿದವನು ನಾನೆಂಬುದನ್ನು ನನ್ನ ಹೆಂಡತಿ ಅಲ್ಲಿ ನೆರೆದವರಿಗೆಲ್ಲ ತಿಳಿಸಿದಳು. ಭಾವಮೈದುನನ ಮಗಳ ಉಗುರುಬಣ್ಣದಿಂದ ಎಳೆದ ಎರಡನೆಯ ಗೆರೆ ಸ್ಪಷ್ಟವಾಗಿ ಎರಡು ಹೋಳಾಗಿ ಬಂದಿತು.

ಎಪ್ಪತ್ತು ಕಿಲೋಗಿಂತ ಹೆಚ್ಚು ತೂಗುವ ಇಂಜಿನ್ ಹುಬ್ಬಳ್ಳಿಗೆ ಬಂದು, ನಮ್ಮ ಮನೆಯ ಹಿತ್ತಲಲ್ಲಿ ಎರಡು ತೊಲೆಗಳ ನಡುವೆ ಬಾವಲಿಯಂತೆ ಜೋತುಬಿದ್ದಿತು. ಗೇರಿನಲ್ಲಿರುವಾಗ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೆ ಇಂಜಿನ್ ಚಾಲೂ ಆಗುವ ಸಂಭವವಿರುವುದರಿಂದ ನಾನು ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರುಗಳನ್ನು ಕಳಚಿಟ್ಟೆನು. ಆ ಮೂರು ವಾರಗಳಲ್ಲಿ ನಾನು ಸರಿಯಾಗಿ ಮಾಡಿದ ಕೆಲಸಗಳ ಪೈಕಿ ಅದು ಮುಖ್ಯವಾದುದು. ಆಮೇಲೆ ನಟ್ಟಿಗೆ ಅಡ್ಡಲಾಗಿ ತೂರಿಸಿ ತುದಿ ಮಡಚಿದ್ದ ಸ್ಪ್ಲಿಟ್ ಪಿನ್ನನ್ನು ಪಕ್ಕಡದಿಂದ ನೆಟ್ಟಗೆ ಮಾಡಿ ಎಳೆದೆವು. ನಟ್ಟು ಬಿಚ್ಚುವಾಗ ಪ್ರೊಪೆಲ್ಲರ್ ತಿರುಗದಂತೆ, ರೆಕ್ಕೆಗೂ ಅದರ ಮೇಲಿನ ಚಪ್ಪಟೆ ತಗಡಿಗೂ ನಡುವೆ ಒಂದು ಚೌಕಾದ ಕಟ್ಟಿಗೆಯ ತುಂಡನ್ನು ಸಿಕ್ಕಿಸಬೇಕು. ನಾವು ಅಡುಗೆಮನೆಯ ಲಟ್ಟಣಿಗೆಯನ್ನು ಸಿಕ್ಕಿಸಿದೆವು. ದುಂಡಗಿರುವ ವಸ್ತು ಉರುಳುತ್ತದೆ ಎಂಬುದೂ ನಾನು ಪಾಠ ಹೇಳುತ್ತಿದ್ದ ವಿಷಯವೇ ಆಗಿತ್ತು. ಅದು ಉರುಳಿತು, ಪಾನಾ ಜಾರಿತು, ಭಾವಮೈದುನನ ಗೆಣ್ಣು ಕೆತ್ತಿಹೋಯಿತು. ಮರುಪ್ರಯತ್ನದಲ್ಲಿ ಲಟ್ಟಣಿಗೆ ಎರಡಾಯಿತು. ನವರಾತ್ರಿ ಹತ್ತಿರ ಬಂದಿರುವಾಗ, ಹೋಳಿಗೆ ಲಟ್ಟಿಸುವ ಏಕೈಕ ಸಾಧನ ಮುರಿದ ಸುದ್ದಿಯನ್ನು ಒಳಗೆ ಹೋಗಿ ಯಾರು ಹೇಳಬೇಕೆಂಬ ಚರ್ಚೆಯಲ್ಲಿ ಅರ್ಧ ಗಂಟೆ ಕಳೆಯಿತು.

ಇನ್ನರ್ಧ ಗಂಟೆಯನ್ನು ಕಳೆದವರು ನೆರೆಮನೆಯ ಫ್ಯಾನ್ ರಿವೈಂಡಿಂಗ್ ಮಾಡುವವರು. ಅವರು ಗೋಡೆಯಾಚೆಯಿಂದ ಇಣುಕಿ, “ಮಾಸ್ತರ್ರ, ತಿರುಗೋ ರೆಕ್ಕಿ ಅಂದ್ರ ಉಲ್ಟಾ ಥ್ರೆಡ್ ಇರತೈತ್ರಿ, ನೀವು ಬಿಚ್ಚೂ ಬದಲಿ ಬಿಗಿ ಮಾಡಾಕತ್ತೀರಿ” ಎಂದರು. ಮೇಜಿನ ಫ್ಯಾನಿನ ಮಟ್ಟಿಗೆ ಅವರ ಮಾತು ನಿಜ; ಅಲ್ಲಿ ರೆಕ್ಕೆಯ ತಿರುಗಣಿಗೆ ಉಲ್ಟಾ ಥ್ರೆಡ್ಡೇ ಇರುತ್ತದೆ. ಅನುಭವಸ್ಥರ ಮಾತೆಂದು ನಾವಿಬ್ಬರೂ ಪಾನಾದ ಹಿಡಿಕೆಗೆ ಒಂದು ಮಾರುದ್ದದ ಪೈಪು ತೊಡಿಸಿ ಬಲಕ್ಕೆ ಜೋತುಬಿದ್ದೆವು. ದೋಣಿಯ ನಟ್ಟಿಗೆ ಎಲ್ಲ ನಟ್ಟುಗಳಂತೆ ಸಾಮಾನ್ಯ ಥ್ರೆಡ್ಡೇ ಇದ್ದು, ಅದು ಬಿಚ್ಚಿಕೊಳ್ಳದಂತೆ ಕಾಯುವ ಕೆಲಸವನ್ನು ಸ್ಪ್ಲಿಟ್ ಪಿನ್ನಿಗೆ ವಹಿಸಿರುತ್ತಾರೆ ಎಂಬುದು ನನಗೆ ಹೊಳೆಯುವಷ್ಟರಲ್ಲಿ, ಕಾರವಾರದ ಉಪ್ಪುನೀರು ವರ್ಷಗಟ್ಟಲೆ ಮಾಡಲಾಗದಷ್ಟು ಬಿಗಿಯನ್ನು ನಾವು ಅರ್ಧ ಗಂಟೆಯಲ್ಲಿ ಮಾಡಿ ಮುಗಿಸಿದ್ದೆವು.

ನಟ್ಟು ಬಂದಿತು. ಪ್ರೊಪೆಲ್ಲರ್ ಬರಲಿಲ್ಲ. ಹಿಂದಿನ ಮಾಲೀಕರು ಶಾಫ್ಟಿನ ಹಲ್ಲುಗಳಿಗೆ ಎಂದೂ ಗ್ರೀಸ್ ಮುಟ್ಟಿಸಿರಲಿಲ್ಲವೆಂದು ಕಾಣುತ್ತದೆ. ಹಿತ್ತಾಳೆಯೂ ಉಕ್ಕೂ ಉಪ್ಪುನೀರಿನ ಸಾಕ್ಷಿಯಲ್ಲಿ ಒಂದಾಗಿಬಿಟ್ಟಿದ್ದವು. ಓಣಿಯಲ್ಲಿ ಹಿಂದೆ ಚಕ್ಕಡಿ ಮಾಡುತ್ತಿದ್ದ ಬಡಿಗೇರ ಅಜ್ಜ ಬಂದು ನೋಡಿ, “ಕೀಲೆಣ್ಣಿ ಕಾಣದ ಗುಂಬ ಇದು” ಎಂದು ಒಂದೇ ಮಾತಿನಲ್ಲಿ ರೋಗ ಹೇಳಿ, ಕಟ್ಟಿಗೆಯ ತುಂಡಿಟ್ಟು ಸುತ್ತಲೂ ಸಮನಾಗಿ ಬಡಿಯಿರಿ, ಒಂದೇ ಕಡೆ ಬಡಿದರೆ ಓರೆಯಾಗಿ ಇನ್ನೂ ಕಚ್ಚಿಕೊಳ್ಳುತ್ತದೆ ಎಂದು ಹೇಳಿಕೊಟ್ಟನು. ಅವನ ಪ್ರಕಾರವೂ ಬಡಿದೆವು. ಸೀಮೆಎಣ್ಣೆ ಬಿಟ್ಟೆವು, ಡೀಸೆಲ್ ಬಿಟ್ಟೆವು. ವೆಲ್ಡಿಂಗಿನವನೊಬ್ಬ ಗ್ಯಾಸಿನ ಉರಿ ಹಿಡಿಯುತ್ತೇನೆಂದು ಸಿಲಿಂಡರನ್ನೇ ಉರುಳಿಸಿಕೊಂಡು ಬಂದನು. ಒಳಗಿನ ರಬ್ಬರು ಕಾದು ಅದರ ಅನಿಲಕ್ಕೆ ದಾರಿ ಸಿಗದಿದ್ದರೆ ಪ್ರೊಪೆಲ್ಲರ್ ಗುಂಡಿನಂತೆ ಹಾರಬಹುದೆಂದು ಹೇಳಿ ನಾನು ಅವನಿಗೆ ಚಹಾ ಕುಡಿಸಿ ಕಳಿಸಿಕೊಟ್ಟೆನು. ಅದರ ಬದಲಿಗೆ ಹಂಡೆಯಲ್ಲಿ ಕಾಯಿಸಿದ ಸ್ನಾನದ ನೀರನ್ನು ತಂಬಿಗೆಯಿಂದ ಹೊಯ್ಯುತ್ತ, ಉಕ್ಕಿಗಿಂತ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ ಎಂಬ ನಿಯಮವನ್ನು ನೆರೆದವರಿಗೆ ವಿವರಿಸಿದೆನು. ಪ್ರೊಪೆಲ್ಲರಿಗೆ ಮಂಗಳಸ್ನಾನವಾಯಿತು, ನನಗೆ ಆ ದಿನ ತಣ್ಣೀರೇ ಗತಿಯಾಯಿತು. ಹಿತ್ತಾಳೆ ಮಾತ್ರ ಹಿಗ್ಗಿದ ಲಕ್ಷಣ ತೋರಿಸಲಿಲ್ಲ.

ಸಂಜೆ, ಕಚ್ಚಿಕೊಂಡ ಭಾಗವನ್ನು ಎಳೆದು ತೆಗೆಯುವ ಟ್ರ್ಯಾಕ್ಟರಿನ ಬೇರಿಂಗ್ ಪುಲ್ಲರನ್ನು ತಂದು, ಮೂರು ಕಾಲುಗಳನ್ನು ಸಿಕ್ಕಿಸಿ, ಸ್ಕ್ರೂ ಇನ್ನು ತಿರುಗದು ಎನ್ನುವವರೆಗೆ ಬಿಗಿದು, ಹಾಗೆಯೇ ಬಿಟ್ಟು ಮಲಗಿದೆವು. ಇಂಥ ಹೊತ್ತಿನಲ್ಲಿ ನಟ್ಟನ್ನು ಎರಡು ಸುತ್ತು ಏರಿಸಿ ಬಿಡಬೇಕು, ಅದು ಪ್ರೊಪೆಲ್ಲರನ್ನು ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ನಾನು ಓದಿದ್ದೆನು. ನಟ್ಟು ಎಲ್ಲಿಟ್ಟೆವೆಂಬುದು ನೆನಪಿರಲಿಲ್ಲ. ರಾತ್ರಿ ಎರಡು ಗಂಟೆಗೆ, ಲೋಹವೆಲ್ಲ ತಣ್ಣಗಾಗಿ ಕುಗ್ಗುವ ಹೊತ್ತಿಗೆ, ಹಿತ್ತಲಲ್ಲಿ ಒಂದು ಸ್ಫೋಟವಾಯಿತು. ಪ್ರೊಪೆಲ್ಲರ್, ಪುಲ್ಲರ್ ಎರಡೂ ಕೂಡಿ ಬಚ್ಚಲ ಬಳಿಯ ಸತುವಿನ ಬಕೆಟ್ಟಿನ ಮೇಲೆ ಬಿದ್ದಿದ್ದವು. ನೆರೆಮನೆಯವರು ಗ್ಯಾಸ್ ಸಿಲಿಂಡರ್ ಒಡೆಯಿತೆಂದು ಮಕ್ಕಳೊಂದಿಗೆ ಬೀದಿಗೆ ಓಡಿ ನಿಂತಿದ್ದರು. ಬೆಳಗಾದ ಮೇಲೆ, ಅದು ಬಂದದ್ದು ತಾನು ಬಿಟ್ಟ ಡೀಸೆಲ್ಲಿನಿಂದ ಎಂದು ಭಾವಮೈದುನನೂ, ಸಮನಾಗಿ ಬಡಿಸಿದ್ದರಿಂದ ಎಂದು ಬಡಿಗೇರ ಅಜ್ಜನೂ, ವಿಜ್ಞಾನದಿಂದ ಎಂದು ನಾನೂ ವಾದಿಸಿದೆವು. ಬಕೆಟ್ಟಿನ ವಾರಸುದಾರಳು ಯಾರ ವಾದವನ್ನೂ ಮನ್ನಿಸಲಿಲ್ಲ.

ಹೊಸ ಗುಂಬ ಕಾರವಾರದಿಂದ ಬಸ್ಸಿನಲ್ಲಿ ಬಂದಿತು. ಅದನ್ನೂ ಪ್ರೊಪೆಲ್ಲರನ್ನೂ ಗೋಕುಲ ರಸ್ತೆಯ ಕಡೆಯ ಒಂದು ವರ್ಕ್‌ಶಾಪಿಗೆ, ಟ್ರ್ಯಾಕ್ಟರ್ ಬುಶ್‌ಗಳನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಕೊಡುವಲ್ಲಿಗೆ ಒಯ್ದೆವು. ಹಳೆಯ ರಬ್ಬರು, ಡಬ್ಬಿಯಲ್ಲಿ ಮರೆತುಹೋದ ಕರದಂಟಿನಂತೆ ಹಟಮಾಡಿ, ತುಣುಕುತುಣುಕಾಗಿ ಹೊರಬಂದಿತು. ಹೊಸ ರಬ್ಬರು ಅದು ಕೂಡಬೇಕಾದ ತೂತಿಗಿಂತ ದಪ್ಪಗಿತ್ತು. ತಪ್ಪು ಸಾಮಾನು ಕಳಿಸಿದ್ದಾರೆಂದು ವರ್ಕ್‌ಶಾಪಿನ ಹುಡುಗ ನಿರ್ಣಯಿಸಿದನು. ದಪ್ಪಗಿರುವುದೇ ಅದರ ಗುಣ, ಆ ಬಿಗಿತವೇ ಹಿಡಿತ ಎಂದು ನಾನು ಹೇಳಿದರೂ, ನೇರವಾಗಿ ಪ್ರೆಸ್ಸಿಗೆ ಇಟ್ಟು ಒತ್ತಿಯೇಬಿಟ್ಟನು. ಗುಂಬ ಓರೆಯಾಗಿ, ಒಂದು ಕ್ಷಣ ಯೋಚಿಸಿ, ಚಂಗನೆ ಪುಟಿದು ಎದುರಿನ ಚಹಾದಂಗಡಿಯ ಬೆಂಚಿನ ಕೆಳಗೆ ಹೋಯಿತು. ಆಮೇಲೆ ಲೇಥಿನವರು ಮೇಲೆ ಅಗಲ, ಕೆಳಗೆ ಕಿರಿದಾದ ಒಂದು ಉಕ್ಕಿನ ಆಲಿಕೆಯನ್ನು ಕಡೆದುಕೊಟ್ಟರು. ಅದರೊಳಗಿಂದ ಒತ್ತಿದರೆ ರಬ್ಬರು ಹಂತಹಂತವಾಗಿ ಹಿಂಡಿಕೊಂಡು ತೂತಿಗೆ ಇಳಿಯುತ್ತದೆ. ನುಣ್ಣಗೆ ಇಳಿಯಲೆಂದು ಹುಡುಗ ನಾಲ್ಕು ಬೆರಳು ಗ್ರೀಸ್ ಬಳಿದನು. ಅದು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆಯನ್ನು ನೆನೆದರೆ ಈಗಲೂ ನನಗೆ ಸಂಕೋಚವಾಗುತ್ತದೆ.

ಜೋಡಿಸುವ ದಿನ ನಾನು ಶಾಫ್ಟಿನ ಹಲ್ಲುಗಳಿಗೆ, ಗ್ರೀಸ್ ನಿಜಕ್ಕೂ ಬೇಕಾದ ಜಾಗಕ್ಕೆ, ಧಾರಾಳವಾಗಿ ಗ್ರೀಸ್ ಹಚ್ಚಿ ಪ್ರೊಪೆಲ್ಲರ್ ಏರಿಸಿದೆನು. ಅದು ಬೇಕಾದುದಕ್ಕಿಂತ ಹೆಚ್ಚು ಒಳಗೆ ಹೋಯಿತು. ಕೈಯಿಂದ ತಿರುಗಿಸಿದರೆ ಗೇರಿನ ಪೆಟ್ಟಿಗೆಗೆ ಉಜ್ಜಿ ಕರಕರ ಎಂದಿತು. ಬಹಳ ಹೊತ್ತು ದಿಟ್ಟಿಸಿದ ಮೇಲೆ, ಪ್ರೊಪೆಲ್ಲರಿಗಿಂತ ಮೊದಲು ಶಾಫ್ಟಿಗೆ ಏರಬೇಕಾದ ಥ್ರಸ್ಟ್ ವಾಷರ್ ಇಲ್ಲವೆಂಬುದು ಗೊತ್ತಾಯಿತು. ದಪ್ಪನೆಯ ಲೋಹದ ಬಳೆಯಂತಿರುವ ಈ ವಾಷರ್ ಸಾಮಾನ್ಯ ವಸ್ತುವಲ್ಲ. ದೋಣಿಯನ್ನು ಮುಂದೆ ನೂಕುವ ಬಲವೆಲ್ಲ ಪ್ರೊಪೆಲ್ಲರಿನಿಂದ ಶಾಫ್ಟಿಗೆ ದಾಟುವುದು ಇದರ ಮೂಲಕವೇ. ಸ್ಫೋಟದ ರಾತ್ರಿ ಅದೂ ಜಾರಿ ಎಲ್ಲಿಯೋ ಬಿದ್ದಿರಬೇಕು. ಹಿತ್ತಲನ್ನು ಸೋಸಿದೆವು, ಬಚ್ಚಲ ಮೋರಿಗೆ ಕೈ ಹಾಕಿದೆವು, ಗುಜರಿಯವನನ್ನು ವಿಚಾರಿಸಿದೆವು. ಸಂಜೆ ಮಂಗಳಾರತಿಗೆಂದು ದೇವರ ಕೋಣೆಗೆ ಹೋದಾಗ ಅದು ಕಾಣಿಸಿತು. ನನ್ನ ಹೆಂಡತಿ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಂಗಾರದಂತೆ ಹೊಳೆಯಿಸಿ, ನವರಾತ್ರಿಯ ನಂದಾದೀಪ ಅಲುಗಾಡದಂತೆ ಅದರ ಕೆಳಗೆ ಇಟ್ಟಿದ್ದಳು. ಘಟಸ್ಥಾಪನೆ ಅಂದು ಬೆಳಗ್ಗೆಯೇ ಆಗಿತ್ತು.

“ದೀಪ ಅಲುಗಾಡಸಂಗಿಲ್ಲ. ಒಂಬತ್ತು ದಿನ ನಿಮ್ಮ ದೋಣಿ ನಿಂತರ ನದಿ ಏನೂ ಬತ್ತಂಗಿಲ್ಲ” ಎಂದು ತೀರ್ಪಾಯಿತು. ಲಟ್ಟಣಿಗೆ ಮತ್ತು ಬಕೆಟ್ಟುಗಳ ಹಳೆಯ ಬಾಕಿ ಇದ್ದುದರಿಂದ ಮೇಲ್ಮನವಿಗೆ ಅವಕಾಶವಿರಲಿಲ್ಲ. ಖಂಡೇಪೂಜೆಯ ದಿನ ಪಾನಾ, ಪಕ್ಕಡ, ಪುಲ್ಲರ್ ಎಲ್ಲವೂ ವಿಭೂತಿ ಧರಿಸಿ, ಕುಂಬಳಕಾಯಿಯ ಪಕ್ಕದಲ್ಲಿ ವಿಶ್ರಮಿಸಿದವು. ಜೋತುಬಿದ್ದ ಇಂಜಿನ್ನಿಗೂ ಚೆಂಡುಹೂವಿನ ಮಾಲೆ ಬಿದ್ದಿತು. ಬನ್ನಿ ಕೊಡಲು ಬಂದವರೆಲ್ಲ “ಬನ್ನಿ ತಗೊಂಡು ಬಂಗಾರದಂಗ ಇರೋಣ” ಎಂದು ಹೇಳಿದ ತರುವಾಯ ತಪ್ಪದೆ, “ಮಾಸ್ತರ್ರ, ಅದ ಹಿತ್ತಲದಾಗ ಏನ್ರಿ?” ಎಂದು ಕೇಳಿದರು. ಹತ್ತನೆಯ ದಿನ ವಾಷರ್ ಬಿಡುಗಡೆಯಾಯಿತು.

ನದಿಯಲ್ಲಿ ಎರಡನೆಯ ಪರೀಕ್ಷೆಗೆ ಉಗುರುಬಣ್ಣದ ಗೆರೆಯೊಂದಿಗೇ ಇಳಿದೆವು. ನಿಧಾನವಾಗಿ ಹೋಗುವಾಗ ಎಲ್ಲ ಸರಿಯಿತ್ತು. ವೇಗ ಕೊಟ್ಟೊಡನೆ ಇಂಜಿನ್ ಹಾಡಿತು, ದೋಣಿ ನಿಂತಿತು. ಈ ಸಲ ಬಂಡೆ ಬಡಿದಿರಲಿಲ್ಲ. ಗೆರೆ ನೋಡಿದರೆ ಒಂದು ಹೋಳು ಹಾವೇರಿಗೂ ಇನ್ನೊಂದು ಹೋಳು ಗದಗಿಗೂ ಮುಖ ಮಾಡಿತ್ತು. ನಾವು ಕಾರವಾರದ ಅಂಗಡಿಯನ್ನೂ ರಬ್ಬರಿನ ಗುಣಮಟ್ಟವನ್ನೂ ಕಾಲಧರ್ಮವನ್ನೂ ನಿಂದಿಸುತ್ತ ದಂಡೆಯಲ್ಲಿ ಕುಳಿತಿದ್ದಾಗ, ನನ್ನ ಹೆಂಡತಿ ಆ ಗುಂಬವನ್ನು ಹೇಗೆ ಒಳಗೆ ಕೂಡಿಸಿದಿರೆಂದು ಕೇಳಿದಳು. ಗ್ರೀಸಿನ ಸಂಗತಿಯನ್ನು ಹೇಳಿದೆನು. “ಬಿಗಿ ಬಳಿ ಇಡಸ್ಕೊಳ್ಳೋವಾಗ ಯಾರರೆ ಕೈಗೆ ಗ್ರೀಸ್ ಹಚ್ಚತಾರೇನ್ರಿ? ಸಾಬೂನು ಹಚ್ಚತಾರ” ಎಂದಳು. ಬಳೆಗಾರರು ತಲೆತಲಾಂತರದಿಂದ ಬಲ್ಲ ಸಂಗತಿಯಿದು. ಸಾಬೂನಿನ ನೀರು ಏರಿಸುವ ಹೊತ್ತಿಗೆ ಜಾರಿಸಿ, ಆಮೇಲೆ ಆರಿಹೋಗಿ ಹಿಡಿತವನ್ನು ಉಳಿಸುತ್ತದೆ. ಗ್ರೀಸು ಮಾತ್ರ ಒಳಗೇ ಉಳಿದು ಜಾರಿಸುತ್ತಲೇ ಇರುತ್ತದೆ, ಜೊತೆಗೆ ರಬ್ಬರನ್ನೂ ಕೆಡಿಸುತ್ತದೆ. ದೋಣಿಯ ಕೈಪಿಡಿಯಲ್ಲಿಯೂ ಸಾಬೂನಿನ ನೀರೆಂದೇ ಇತ್ತು ಎಂಬುದು ಮನೆಗೆ ಬಂದು ನೋಡಿದಾಗ ತಿಳಿಯಿತು; ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಮತ್ತೊಂದು ಗುಂಬ ತರಿಸಿ, ಪ್ರೊಪೆಲ್ಲರಿನ ಒಳಗೋಡೆಯ ಗ್ರೀಸನ್ನೆಲ್ಲ ತೊಳೆದು ಒರೆಸಿ, ಅದೇ ಆಲಿಕೆಯಿಂದ, ಬಟ್ಟೆ ಒಗೆಯುವ ಸಾಬೂನಿನ ನೊರೆ ಹಚ್ಚಿ ಒತ್ತಿಸಿದೆವು. ಒತ್ತುವಾಗ ಪ್ರೆಸ್ಸು ನರಳಿದ್ದನ್ನು ಕಂಡು, ಇದು ಹಿಡಿಯುತ್ತದೆ ಎಂದು ಧೈರ್ಯವಾಯಿತು. ಈ ಸಲ ಪ್ರೊಪೆಲ್ಲರ್ ಬಿಚ್ಚಲು ಹತ್ತು ನಿಮಿಷವೂ ಹಿಡಿದಿರಲಿಲ್ಲ. ಶಾಫ್ಟಿಗೆ ಹಚ್ಚಿದ್ದ ಗ್ರೀಸು ತನ್ನ ಜಾಗದಲ್ಲಿ ತನ್ನ ಕೆಲಸ ಮಾಡಿತ್ತು. ಮೊದಲು ವಾಷರ್, ಆಮೇಲೆ ಪ್ರೊಪೆಲ್ಲರ್, ಅದರ ಹಿಂದೆ ನಟ್ಟು. ನಟ್ಟಿನ ಕಚ್ಚು ಶಾಫ್ಟಿನ ತೂತಿಗೆ ಎದುರಾಗುವಂತೆ ತಿರುಗಿಸಿ ಹೊಸ ಸ್ಪ್ಲಿಟ್ ಪಿನ್ನು. ಪ್ರತಿಯೊಂದನ್ನೂ ಏರಿಸುವಾಗ ಹಾಜರಿ ಕರೆಯುವಂತೆ ಗಟ್ಟಿಯಾಗಿ ಹೆಸರು ಹೇಳಿದೆನು. ನದಿಯಲ್ಲಿ ದೋಣಿ ಮೂಗೆತ್ತಿ ಓಡಿತು. ಖಾರದ ಪುಡಿ ಗಾಳಿಗೆ ಎದ್ದು ನಾವೆಲ್ಲ ಸೀನಿದೆವು. ಮರಳಿ ಬಂದು ನೋಡಿದಾಗ ಉಗುರುಬಣ್ಣದ ಗೆರೆ ಒಂದೇ ಆಗಿತ್ತು. ಎಮ್ಮೆ ಅಂದು ನೀರಿಗಿಳಿದಿರಲಿಲ್ಲವೆಂಬುದೊಂದೇ ಭಾವಮೈದುನನ ಕೊರಗು.

ದೀಪಾವಳಿಗೆ ವಾರವಿರುವಾಗ ನನ್ನ ಹೆಂಡತಿ, ದೀಪದ ಕೆಳಗೆ ಇಡುತ್ತಿದ್ದ ಆ ಹೊಳೆಯುವ ಬಳೆ ಮತ್ತೆ ಬೇಕು, ಅದಿಲ್ಲದೆ ದೀಪ ಓಲಾಡುತ್ತದೆ ಎಂದಳು. ಕಳೆದುಹೋದ ಲಟ್ಟಣಿಗೆಯನ್ನೂ ಬಕೆಟ್ಟನ್ನೂ ನೆನೆದು ನಾನು ಕಾರವಾರದ ಅಂಗಡಿಗೆ ಫೋನು ಮಾಡಿ ಒಂದು ಥ್ರಸ್ಟ್ ವಾಷರ್ ಬೇಕೆಂದು ಕೇಳಿದೆನು. ಎಷ್ಟು ಎಚ್.ಪಿ.ಗೆ ಎಂದರು. ಎರಡು ಬತ್ತಿಯದು ಎಂದೆನು.